ಹೆಂಡ (ಪದ)

ಹೆಂಡ ಎಂಬುದು ಈಚಲು, ತೆಂಗು, ತಾಳೆ ಮುಂತಾದ ಮರಗಳಿಂದ ಇಳಿಸಿದ ರಸವು ಹುಳಿತು ಉಂಟಾಗುವ ಮಾದಕ ಪಾನೀಯದ ಕನ್ನಡ ಹೆಸರು. ಆಡುಮಾತಿನಲ್ಲಿ ಇದು ಎಲ್ಲ ಬಗೆಯ ಮದ್ಯಕ್ಕೂ ಸಲ್ಲುತ್ತದೆ. ದಾವಣಗೆರೆ, ಹರಿಹರಗಳನ್ನು ಒಳಗೊಂಡ ಮಧ್ಯ ಕರ್ನಾಟಕದ ಬಯಲು ಸೀಮೆಯಲ್ಲಿ ಹೆಂಡವೆಂದರೆ ಮುಖ್ಯವಾಗಿ ಈಚಲ ಮರದ್ದು.

ಪದ ಮತ್ತು ಅರ್ಥ

ಇದೇ ಪಾನೀಯಕ್ಕೆ ಕಳ್ಳು ಎಂಬ ಪದವೂ ಇದೆ. ತಮಿಳಿನ ಕಳ್, ತೆಲುಗಿನ ಕಲ್ಲು ಇದರ ಜ್ಞಾತಿ ಪದಗಳು. ಕರಾವಳಿಯಲ್ಲಿ ಕಳ್ಳು ಎಂಬ ಬಳಕೆಯೇ ಹೆಚ್ಚು. ಕಲ್ಯಾಣ ಕರ್ನಾಟಕದಲ್ಲಿ ಸೇಂದಿ ಎನ್ನುವುದುಂಟು. ಹೆಂಡತಿ ಎಂಬ ಪದಕ್ಕೂ ಹೆಂಡಕ್ಕೂ ವ್ಯುತ್ಪತ್ತಿಯ ಸಂಬಂಧವಿಲ್ಲ; ಅದು ಹಳಗನ್ನಡದ ‘ಪೆಣ್’ ಮೂಲದಿಂದ ಬಂದುದು.

ಹೆಂಡದಂತೆ ಬಿಯರ್ ಕೂಡ ಬಟ್ಟಿ ಇಳಿಸದ, ಹುಳಿಸಿದ ಪಾನೀಯವೇ ಆಗಿದೆ. ಆದರೆ ಅದು ಮರದ ರಸದಿಂದಲ್ಲ, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ ತಯಾರಾಗುತ್ತದೆ. ಕನ್ನಡವು ಅದಕ್ಕೆ ಹೊಸ ಹೆಸರು ಕಟ್ಟದೆ ಬಿಯರ್, ಬೀರು ಎಂದೇ ಸ್ವೀಕರಿಸಿದೆ. ಸಾರಾಯಿ ಬಟ್ಟಿ ಇಳಿಸಿದ ಮದ್ಯವಾದ್ದರಿಂದ ಈ ಎರಡಕ್ಕಿಂತಲೂ ಭಿನ್ನವಾದುದು.

ಇತಿಹಾಸ

12ನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಒಬ್ಬರು. ಅವರ ಹೆಸರಿನಲ್ಲಿ ಕಾಯಕವನ್ನು ಸೂಚಿಸುವ ಪದವಾಗಿ ಹೆಂಡ ಉಳಿದಿದೆ.

ಮೈಸೂರು ಸಂಸ್ಥಾನದಲ್ಲಿ ಹೆಂಡದ ಮೇಲಿನ ಅಬಕಾರಿ ತೆರಿಗೆ ಸರ್ಕಾರದ ಆದಾಯಮೂಲವಾಗಿತ್ತು. 1939ರಲ್ಲಿ ಚಿತ್ರದುರ್ಗ ಜಿಲ್ಲೆಯ ತುರುವನೂರಿನ ಸತ್ಯಾಗ್ರಹಿಗಳು ಈಚಲ ಮರಗಳನ್ನು ಕಡಿದರು. ಎಸ್. ನಿಜಲಿಂಗಪ್ಪನವರು ಈ ಚಳವಳಿಯ ಪ್ರಮುಖ ನಾಯಕರಾಗಿದ್ದರು. ದಾವಣಗೆರೆ, ಹರಿಹರಗಳು ಆಗ ಇದೇ ಜಿಲ್ಲೆಗೆ ಸೇರಿದ್ದವು. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಮದ್ಯಪಾನ ವಿರೋಧವೂ ಸರ್ಕಾರದ ವಿರೋಧವೂ ಒಂದಾದ ಈ ಹೋರಾಟದಲ್ಲಿ, ಹೆಂಡ ಇಳಿಸಿ ಬದುಕುತ್ತಿದ್ದವರ ಜೀವನಾಧಾರವೂ ಆ ಮರಗಳೇ ಆಗಿದ್ದವು. ಈಡಿಗ ಸಮುದಾಯದ ಸಾಂಪ್ರದಾಯಿಕ ವೃತ್ತಿ ಹೆಂಡ ಇಳಿಸುವುದಾಗಿತ್ತು.

ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧ ಜಾರಿಗೆ ಬಂದಿತು. ಕರಾವಳಿಯಲ್ಲಿ ಕಳ್ಳು ಮಾರಾಟ ಮುಂದುವರಿದಿದ್ದರೂ ಒಳನಾಡಿನಲ್ಲಿ ಈಚಲ ಹೆಂಡದ ಅಂಗಡಿಗಳು ಮರೆಯಾಗಿವೆ.

ದೈನಂದಿನ ಬಳಕೆ

ವಸ್ತು ಮರೆಯಾದರೂ ಪದ ಉಳಿದಿದೆ. ಬ್ರಾಂದಿ, ವಿಸ್ಕಿ, ಬಿಯರ್ ಮಾರುವ ಮಳಿಗೆಯನ್ನೂ ಹೆಂಡದಂಗಡಿ ಎನ್ನುವರು. ಈ ಬಳಕೆಯಲ್ಲಿ ಸಾಮಾನ್ಯವಾಗಿ ತಿರಸ್ಕಾರದ ಧ್ವನಿಯಿರುತ್ತದೆ: ಕುಡಿಯುವವನು ತಾನು ಕುಡಿದುದನ್ನು ಬಿಯರ್ ಅಥವಾ ‘ಎಣ್ಣೆ’ ಎಂದರೆ, ಮನೆಯವರು ಅದನ್ನೇ ಹೆಂಡ ಎನ್ನುತ್ತಾರೆ. ‘ಈಚಲ ಮರದ ಕೆಳಗೆ ಮಜ್ಜಿಗೆ ಕುಡಿದಂತೆ’ ಎಂಬ ಗಾದೆಯು ತಪ್ಪು ಮಾಡದಿದ್ದರೂ ಸಂಶಯಕ್ಕೆ ಗುರಿಯಾಗುವುದನ್ನು ಸೂಚಿಸುತ್ತದೆ. ಗಾದೆಯಲ್ಲಿ ಹೆಂಡದ ಹೆಸರಿಲ್ಲ. ಮರದ ಹೆಸರೊಂದೇ ಅದನ್ನು ನೆನಪಿಸುತ್ತದೆ.

ಜಿ. ಪಿ. ರಾಜರತ್ನಂ ಅವರು ಸೃಷ್ಟಿಸಿದ ‘ಯೆಂಡ್ಕುಡುಕ ರತ್ನ’ನ ಹೆಸರಿನಲ್ಲಿ ಇದರ ಗ್ರಾಮ್ಯ ರೂಪವಾದ ‘ಯೆಂಡ’ ಸಾಹಿತ್ಯದಲ್ಲಿಯೂ ಸ್ಥಾನ ಪಡೆದಿದೆ.