ಹೊಗೆಕೊಳವೆ ಏಳುವ ಮುನ್ನ

ಮನೆ ಕಟ್ಟುವವನು ಒಲೆಯ ಜಾಗವನ್ನು ಮೊದಲೇ ಗೊತ್ತುಮಾಡಿಕೊಳ್ಳುತ್ತಾನೆ. ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಹೊಗೆ ಎಲ್ಲಿಂದ ಹೊರಬೀಳಬೇಕು ಎಂಬುದನ್ನು ಗೋಡೆ ಏಳುವ ಮುನ್ನವೇ ಯೋಚಿಸುತ್ತಾನೆ. ಅಡಿಕೆ ಬೇಯಿಸುವ ದೊಡ್ಡ ಒಲೆಯನ್ನು ನಡುಮನೆಯಲ್ಲಿ ಹೂಡಿದವರನ್ನು ಮಲೆನಾಡಿನಲ್ಲಿ ಯಾರೂ ಕಂಡಿರಲಾರರು. ಮನೆಯ ಮಟ್ಟಿಗೆ ಇಷ್ಟು ಸಹಜವಾದ ಈ ವಿವೇಕವು ದೇಶದ ಕಾನೂನಿನಲ್ಲಿ ನೆಲೆಗೊಳ್ಳುವುದಕ್ಕೆ ಮಾತ್ರ ಬಹುಕಾಲ ಹಿಡಿಯಿತು. ಕಾರ್ಖಾನೆಯ ಹೊಗೆಯ ವಿಚಾರಣೆ ಕಟ್ಟುವ ಮೊದಲು ನಡೆಯಬೇಕೋ, ಕಟ್ಟಿದ ಮೇಲೆ ನಡೆಯಬೇಕೋ? ಈ ಪ್ರಶ್ನೆಗೆ ನಮ್ಮ ನಾಡು ಉತ್ತರ ಕಂಡುಕೊಂಡ ಕಥೆ ಸ್ವಾರಸ್ಯವಾದುದು.

ಯಂತ್ರಯುಗಕ್ಕೆ ಮೊದಲು ಕಾಲಿಟ್ಟ ಇಂಗ್ಲೆಂಡಿನಲ್ಲಿಯೇ ಹೊಗೆಯ ಕಾನೂನೂ ಬೇಗ ಹುಟ್ಟಿತು. ಕ್ಷಾರ ತಯಾರಿಸುವ ಕಾರ್ಖಾನೆಗಳು ಉಗುಳುತ್ತಿದ್ದ ಆಮ್ಲದ ಹಬೆಯಲ್ಲಿ ನೂರಕ್ಕೆ 95 ಪಾಲನ್ನು ತಡೆಹಿಡಿಯಬೇಕೆಂದು 1863ರ ಶಾಸನ ವಿಧಿಸಿತು. ರಾಬರ್ಟ್ ಆಂಗಸ್ ಸ್ಮಿತ್ ಎಂಬ ರಸಾಯನಶಾಸ್ತ್ರಜ್ಞ ಅದರ ಮೊದಲ ಪರೀಕ್ಷಕನಾದ. ಆದರೆ ಅದು ಆಗಲೇ ನಿಂತಿದ್ದ ಕಾರ್ಖಾನೆಗಳಿಗೆ ಹಾಕಿದ ಕಡಿವಾಣ. 1952ರ ಡಿಸೆಂಬರಿನಲ್ಲಿ ಲಂಡನ್ ನಗರವನ್ನು ಕವಿದ ಹೊಗೆಮಂಜಿನಲ್ಲಿ ಸಾವಿರಾರು ಜನ ಸತ್ತ ಮೇಲೆ, 1956ರಲ್ಲಿ ಅಲ್ಲಿ ಶುದ್ಧವಾಯು ಶಾಸನ ಬಂದಿತು. ಹೊಸದಾಗಿ ದೊಡ್ಡ ಕಾರ್ಖಾನೆ ಹೂಡುವವರೂ, ಇದ್ದುದನ್ನು ಹೆಚ್ಚಾಗಿ ಮಾರ್ಪಡಿಸುವವರೂ ಕಟ್ಟಡಕ್ಕೆ ಕೈಹಾಕುವ ಮೊದಲೇ ಗಾಳಿಯ ಬಗೆಗೆ ಅನುಮತಿ ಪಡೆಯಬೇಕೆಂಬ ಏರ್ಪಾಡನ್ನು ಅಮೆರಿಕ 1977ರ ತಿದ್ದುಪಡಿಯಿಂದ ಗಟ್ಟಿಮಾಡಿತು.

ಇತ್ತ ನಮ್ಮ ನಾಡಿನ ಕಡೆ ನೋಡೋಣ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸಕ್ಕೆ ತೊಡಗಿದಾಗ ಅದಿರು ನಮ್ಮ ಜಿಲ್ಲೆಯ ಕೆಮ್ಮಣ್ಣುಗುಂಡಿಯ ಬೆಟ್ಟದಿಂದ ಇಳಿಯುತ್ತಿತ್ತು. ಕುಲುಮೆಗೆ ಬೇಕಾದ ಇದ್ದಿಲನ್ನು ಮಲೆನಾಡಿನ ಕಾಡು ಒದಗಿಸುತ್ತಿತ್ತು. ನಾಡಿಗೆ ಕೈಗಾರಿಕೆ ಬೇಕೆಂಬ ಹಂಬಲದ ಕಾಲವದು. ಹೊಗೆಕೊಳವೆ ಏಳುವುದೇ ಅಭ್ಯುದಯದ ಗುರುತಾಗಿತ್ತು. ಅದನ್ನು ಕಟ್ಟಿದವರನ್ನು ಇಂದು ದೂರುವುದು ನ್ಯಾಯವಲ್ಲ. ಅವರು ಉತ್ತರ ಕೊಡಬೇಕಾದ ಪ್ರಶ್ನೆಯನ್ನು ಆಗಿನ ಕಾನೂನು ಕೇಳಿಯೇ ಇರಲಿಲ್ಲ.

ಹೇಮಾವತಿ ಹುಟ್ಟುವ ನಮ್ಮ ಜಾವಳಿಯ ಕಡೆಯಿಂದ ಕಳಸದ ಆಚೆಗೆ ಹೋದರೆ ಕುದುರೆಮುಖ. ಅಲ್ಲಿಯ ಅದಿರನ್ನು ಇರಾನಿಗೆ ಕೊಡುವ ಒಪ್ಪಂದ 1975ರಲ್ಲಿ ಆಯಿತು. 1976ರ ಏಪ್ರಿಲಿನಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪೆನಿ ಹುಟ್ಟಿತು. ಅಷ್ಟು ಹೊತ್ತಿಗೆ ಜಲಮಾಲಿನ್ಯದ ಕಾನೂನು 1974ರಲ್ಲಿ ಬಂದು, ಅದೇ ವರ್ಷ ಕರ್ನಾಟಕದಲ್ಲಿ ಮಂಡಳಿಯೂ ಸ್ಥಾಪಿತವಾಗಿತ್ತು. ಗಾಳಿಗೆ ಮಾತ್ರ ಇನ್ನೂ ಯಾವ ಕಾನೂನೂ ಇರಲಿಲ್ಲ. ಬೆಟ್ಟದ ಅದಿರು ನೀರಿನಲ್ಲಿ ಕದಡಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟವಿಳಿದು ಮಂಗಳೂರಿನ ಪಣಂಬೂರು ಸೇರುತ್ತಿತ್ತು. ಇರಾನಿನ ಕ್ರಾಂತಿಯಿಂದ ಒಪ್ಪಂದ ಮುರಿದುಬಿದ್ದ ಮೇಲೆ, ಅದಿರಿನ ಪುಡಿಯನ್ನು ಉಂಡೆಕಟ್ಟಿ ಸುಡುವ ಪೆಲೆಟ್ ಸ್ಥಾವರವನ್ನು ಪಣಂಬೂರಿನಲ್ಲಿ ಕಟ್ಟಿದರು. ಅದು 1987ರಲ್ಲಿ ಕೆಲಸ ಆರಂಭಿಸಿತು. ಮಣ್ಣು ನಮ್ಮದು, ಸುಡುವ ಕುಲುಮೆ ಕರಾವಳಿಯದು.

ಆ ನಡುವೆ 1981ರ ಮೇ 16ರಂದು ವಾಯುಮಾಲಿನ್ಯ ನಿವಾರಣಾ ಕಾನೂನು ಜಾರಿಗೆ ಬಂದಿತ್ತು. 1972ರಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ್ದ ವಿಶ್ವಸಮ್ಮೇಳನದ ಫಲ ಅದು. ಅದರ 21ನೆಯ ಪ್ರಕರಣದಲ್ಲಿ ನಮ್ಮ ಪ್ರಶ್ನೆಗೆ ಸಂಬಂಧಪಟ್ಟ ವಾಕ್ಯವಿದೆ. ವ್ಯಾಕರಣ ಬಲ್ಲವರು ಅದರ ಕ್ರಿಯಾಪದವನ್ನು ಗಮನಿಸಬೇಕು. ವಾಯುಮಾಲಿನ್ಯ ನಿಯಂತ್ರಣ ಪ್ರದೇಶವೆಂದು ಸರ್ಕಾರ ಸಾರಿದೆಡೆಯಲ್ಲಿ, ಪಟ್ಟಿಯಲ್ಲಿ ಹೆಸರಿಸಿದ 20 ಬಗೆಯ ಕೈಗಾರಿಕೆಗಳನ್ನು ಮಂಡಳಿಯ ಪೂರ್ವಸಮ್ಮತಿಯಿಲ್ಲದೆ ಯಾರೂ ‘ನಡೆಸಕೂಡದು’ ಎಂದಷ್ಟೇ ಅದು ಹೇಳಿತ್ತು. ಆ ಪಟ್ಟಿಯಲ್ಲಿ ಅದಿರನ್ನು ಉಂಡೆಕಟ್ಟುವ ಉದ್ಯಮವೂ ಇತ್ತು. ಆದರೆ ‘ಕಟ್ಟಕೂಡದು’ ಎಂಬ ಮಾತು ಇರಲಿಲ್ಲ. ಕೋಟಿಗಟ್ಟಲೆ ಹಣ ಸುರಿದು, ನೂರಾರು ಜನಕ್ಕೆ ಕೆಲಸ ಕೊಟ್ಟು, ಕೊಳವೆ ಮುಗಿಲಿಗೆ ಎತ್ತಿದ ಮೇಲೆ ಸಮ್ಮತಿ ಕೇಳಲು ಬಂದವನಿಗೆ ಇಲ್ಲವೆನ್ನುವ ಧೈರ್ಯ ಯಾವ ಅಧಿಕಾರಿಗೆ ಇದ್ದೀತು? ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಲ್ಲವೆ ಇದು?

1984ರ ಡಿಸೆಂಬರಿನಲ್ಲಿ ಭೋಪಾಲದ ವಿಷಾನಿಲ ಒಂದೇ ರಾತ್ರಿಯಲ್ಲಿ ಸಾವಿರಾರು ಜನರನ್ನು ಬಲಿತೆಗೆದುಕೊಂಡಿತು. ಮನೆಗಳ ಮಗ್ಗುಲಲ್ಲಿ ಎಂಥ ಕಾರ್ಖಾನೆ ನಿಂತಿದೆ ಎಂಬುದು ದೇಶಕ್ಕೆ ಆಗ ಕಂಡಿತು. 1986ರಲ್ಲಿ ಪರಿಸರ ಸಂರಕ್ಷಣಾ ಕಾನೂನು ಬಂದಿತು. 1987ರಲ್ಲಿ ವಾಯುಕಾನೂನಿಗೆ ತಿದ್ದುಪಡಿಯಾಗಿ, 1988ರ ಏಪ್ರಿಲ್ 1ರಿಂದ ಜಾರಿಯಾಯಿತು. 20 ಕೈಗಾರಿಕೆಗಳ ಪಟ್ಟಿ ಹೋಯಿತು. ‘ನಡೆಸಕೂಡದು’ ಎಂಬುದರ ಹಿಂದೆ ‘ಸ್ಥಾಪಿಸಕೂಡದು’ ಎಂಬ ಇನ್ನೊಂದು ಪದ ಬಂದು ನಿಂತಿತು. ಹೀಗೆ ಸ್ಥಾಪನೆಗೆ ಒಂದು, ಕಾರ್ಯಾಚರಣೆಗೆ ಒಂದು, ಎರಡು ಸಮ್ಮತಿಪತ್ರಗಳ ಪದ್ಧತಿ ನೆಲೆಗೊಂಡಿತು. ಅರ್ಜಿ ಬಂದ 4 ತಿಂಗಳೊಳಗೆ ಮಂಡಳಿ ತೀರ್ಮಾನ ಹೇಳಬೇಕು. ಹೊಗೆಕೊಳವೆ ಹೇಗಿರಬೇಕು, ಧೂಳು ತಡೆಯುವ ಉಪಕರಣ ಯಾವುದು ಎಂಬುದನ್ನು ಷರತ್ತಾಗಿ ವಿಧಿಸುವ ಅಧಿಕಾರ ಅದಕ್ಕಿದೆ. ನಕ್ಷೆಯ ಮೇಲಿರುವ ಕೊಳವೆಯನ್ನು ಎತ್ತರಿಸುವುದು ಒಂದು ಗೆರೆಯ ಕೆಲಸ. ನಿಂತ ಕೊಳವೆಯನ್ನು ಎತ್ತರಿಸುವುದು ವರ್ಷದ ಕೆಲಸ.

1994ರ ಜನವರಿಯಲ್ಲಿ ದೊಡ್ಡ ಯೋಜನೆಗಳಿಗೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಕಡ್ಡಾಯವಾಯಿತು. 1997ರಲ್ಲಿ ಊರವರ ಅಹವಾಲು ಕೇಳುವ ಸಭೆಯೂ ಸೇರಿತು. ಉಡುಪಿಯ ಬಳಿಯ ನಂದಿಕೂರಿನಲ್ಲಿ ಅಮೆರಿಕದ ಕೊಜೆಂಟ್ರಿಕ್ಸ್ ಸಂಸ್ಥೆ 1,000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟಲು ಹೊರಟಾಗ ಕರಾವಳಿಯ ಜನ ಇಂಥ ಪ್ರಶ್ನೆಗಳನ್ನೇ ಎತ್ತಿ ವರ್ಷಗಟ್ಟಲೆ ಹೋರಾಡಿದರು. 1999ರ ಡಿಸೆಂಬರಿನಲ್ಲಿ ಆ ಸಂಸ್ಥೆ ಹಿಂದೆ ಸರಿಯಿತು. ಕಥೆ ಅಲ್ಲಿಗೆ ಮುಗಿಯಲಿಲ್ಲ. ಅದೇ ಸೀಮೆಯಲ್ಲಿ ಬೇರೆಯವರ 1,200 ಮೆಗಾವಾಟಿನ ಸ್ಥಾವರ ಎದ್ದು, 2010ರಲ್ಲಿ ಮೊದಲ ಘಟಕ ವಿದ್ಯುತ್ ಕೊಟ್ಟಿತು. ಹಾರುಬೂದಿಯಿಂದಲೂ ಉಪ್ಪುನೀರಿನ ತುಂತುರಿನಿಂದಲೂ ಬೆಳೆ ಕೆಡುತ್ತದೆಂಬ ದೂರು ಸುತ್ತಲ ರೈತರಿಂದ ಬಂದಿತು. ಪೂರ್ವಾನುಮತಿ ಎಂದರೆ ರಕ್ಷೆಯ ತಾಯಿತವಲ್ಲ. ಕೇಳುವವರು ಸರಿಯಾಗಿ ಕೇಳಿ, ಹೇಳಿದ ಷರತ್ತನ್ನು ಕಟ್ಟಿದವರು ನಡೆಸಿದರೆ ಮಾತ್ರ ಅದಕ್ಕೆ ಬೆಲೆ.

ಕೇಳದೆ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಕುದುರೆಮುಖವೇ ಸಾಕ್ಷಿ. ಕಾಡಿನ ನಡುವಣ ಆ ಗಣಿಯನ್ನು 2005ರ ಕೊನೆಗೆ ನಿಲ್ಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2002ರ ಅಕ್ಟೋಬರ್ 30ರಂದು ತೀರ್ಪಿತ್ತಿತು. ಅಲ್ಲಿನ ತಕರಾರು ಕಾಡಿನದು ಮತ್ತು ನದಿಯದು, ಹೊಗೆಯದಲ್ಲ. ಆದರೂ ಪಾಠ ಒಂದೇ. ಕೇಳಬೇಕಾದ ಪ್ರಶ್ನೆಯನ್ನು ಮೂರು ದಶಕ ತಡವಾಗಿ ಕೇಳಿದ್ದರಿಂದ ಬೆಟ್ಟವೂ ಸವೆಯಿತು, ಅದನ್ನೇ ನಂಬಿ ಬೆಳೆದ ಊರೂ ಬರಿದಾಯಿತು.

2024ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ, ಮಾಲಿನ್ಯ ಅತ್ಯಲ್ಪವೆಂದು ‘ಬಿಳಿ’ ವರ್ಗಕ್ಕೆ ಸೇರಿಸಿದ ಉದ್ಯಮಗಳಿಗೆ ಈ ಸಮ್ಮತಿಗಳಿಂದ ವಿನಾಯಿತಿ ಕೊಟ್ಟಿತು. ಪರಿಸರ ಅನುಮತಿ ಪಡೆದ ಯೋಜನೆಗಳು ಸ್ಥಾಪನೆಗೆ ಪ್ರತ್ಯೇಕ ಸಮ್ಮತಿ ಪಡೆಯಬೇಕಾಗಿಲ್ಲವೆಂದಿತು. ಒಂದೇ ವಿಷಯಕ್ಕೆ ಎರಡು ಬಾಗಿಲು ತಟ್ಟುವ ಶ್ರಮ ತಪ್ಪುವುದು ಒಳ್ಳೆಯದೇ. ಉಳಿದ ಒಂದು ಬಾಗಿಲಿನಲ್ಲಿ ಎಚ್ಚರವಾಗಿರುವ ಕಾವಲುಗಾರ ಇರಬೇಕು, ಅಷ್ಟೆ. ‘ಸ್ಥಾಪಿಸು’ ಎಂಬ ಆ ಒಂದು ಪದವನ್ನು ನಮ್ಮ ಕಾನೂನು ಗಳಿಸಿದ್ದು ಭೋಪಾಲದ ಬೆಲೆ ತೆತ್ತ ಮೇಲೆ ಎಂಬುದನ್ನು ಮರೆಯಲಾಗದು.