ಅವಳು ಎಲ್ಲಿಗೂ ಹೋಗಿರಲಿಲ್ಲ

‘ಮಹಿಳೆ ನಾಪತ್ತೆ’ ಅಂತ ಸುದ್ದಿ ಬಂದರೆ ನ್ಯೂಸ್ ರೂಮಿನಲ್ಲಿ ಮೊದಲು ಕೇಳೋ ಪ್ರಶ್ನೆ ಏನು ಗೊತ್ತಾ? ‘ಯಾರ ಜೊತೆ?’ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಅದನ್ನೇ ಕೇಳಿದ್ದೇನೆ. ‘ಪ್ರಿಯಕರನ ಜೊತೆ ಪರಾರಿ?’ ಅಂತ ಸ್ಕ್ರಾಲ್ ಬರೆದು, ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕೈ ತೊಳೆದುಕೊಂಡಿದ್ದೇನೆ. ಬೆಂಗಳೂರಿನ ರಿಚ್ಮಂಡ್ ರಸ್ತೆಯ ಆ ಮನೆಯ ಕಥೆಯನ್ನು ನಾನು ಓದಿದ್ದು ತಡವಾಗಿ.

ಶಾಕಿರಾ ಖಲೀಲಿ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು. ನಾಲ್ಕು ಹೆಣ್ಣುಮಕ್ಕಳ ತಾಯಿ. ರಾಜತಾಂತ್ರಿಕ ಅಧಿಕಾರಿಯಾಗಿದ್ದ ಗಂಡನಿಂದ ವಿಚ್ಛೇದನ ಪಡೆದು, 1986ರಲ್ಲಿ ಸ್ವಾಮಿ ಶ್ರದ್ಧಾನಂದ ಅಂತ ಕರೆಸಿಕೊಳ್ಳುತ್ತಿದ್ದ ಮುರಳಿ ಮನೋಹರ ಮಿಶ್ರನನ್ನು ಮದುವೆಯಾದರು. ಬಂಧುಗಳಲ್ಲಿ ಬಹಳಷ್ಟು ಜನ ದೂರವಾದರು. ಒಬ್ಬ ಮಗಳು ಮಾತ್ರ ಅಮ್ಮನ ಜೊತೆ ಸಂಪರ್ಕ ಬಿಡಲಿಲ್ಲ.

1991ರ ಮೇ ಕೊನೆಯಲ್ಲಿ ಶಾಕಿರಾ ಕಾಣೆಯಾದರು. ಮಗಳು ಕೇಳಿದಾಗಲೆಲ್ಲ ಒಂದೊಂದು ಉತ್ತರ. ಹೈದರಾಬಾದಿಗೆ ಹೋಗಿದ್ದಾಳೆ. ಅಮೆರಿಕದಲ್ಲಿದ್ದಾಳೆ, ಗರ್ಭಿಣಿ, ನ್ಯೂಯಾರ್ಕಿನ ಆಸ್ಪತ್ರೆಯಲ್ಲಿದ್ದಾಳೆ. ಮಗಳು ಆ ಆಸ್ಪತ್ರೆಯನ್ನೇ ವಿಚಾರಿಸಿದಳು. ಅಂಥ ರೋಗಿಯೇ ಅಲ್ಲಿರಲಿಲ್ಲ! 1992ರಲ್ಲಿ ಪೊಲೀಸರಿಗೆ ದೂರು ಕೊಟ್ಟಳು. ಇತ್ತ ಗಂಡ ಅಧಿಕಾರ ಪತ್ರ ಹಿಡಿದು ಶಾಕಿರಾ ಆಸ್ತಿ ಮಾರುತ್ತಿದ್ದ.

1994ರ ಮಾರ್ಚ್‌ನಲ್ಲಿ ಅದೇ ಮನೆಯ ಆವರಣ ಅಗೆದರು. ನೆಲದಡಿ ಮರದ ಪೆಟ್ಟಿಗೆ. ಒಳಗೆ ಅಸ್ಥಿಪಂಜರ. ಮತ್ತು ಬರುವ ಔಷಧ ಕೊಟ್ಟು ಜೀವಂತ ಹೂತಿದ್ದ ಅನ್ನುವುದು ನ್ಯಾಯಾಲಯದಲ್ಲಿ ಸಾಬೀತಾಯಿತು. 2005ರಲ್ಲಿ ಗಲ್ಲು ಶಿಕ್ಷೆ, ಅದೇ ವರ್ಷ ಹೈಕೋರ್ಟ್ ಸಮ್ಮತಿ. 2008ರಲ್ಲಿ ಸುಪ್ರೀಂ ಕೋರ್ಟ್ ಗಲ್ಲು ತಪ್ಪಿಸಿ, ಬದುಕಿರುವವರೆಗೂ ಜೈಲಿನಿಂದ ಬಿಡುವಂತಿಲ್ಲ ಅಂತು. ಈ ಬಗೆಯ ಶಿಕ್ಷೆಯನ್ನು 2015ರಲ್ಲಿ ಸಂವಿಧಾನ ಪೀಠ ಬಹುಮತದಿಂದ ಎತ್ತಿ ಹಿಡಿಯಿತು.

ಕಾನೂನು ವಿದ್ಯಾರ್ಥಿಗಳು ಈ ಪ್ರಕರಣ ಓದುವುದು ಆ ಶಿಕ್ಷೆಗಾಗಿ. ನನ್ನನ್ನು ಕಾಡುವುದು ನಡುವಿನ ಆ ಸುಮಾರು ಮೂರು ವರ್ಷ. ‘ಹೋಗಿದ್ದಾಳೆ’ ಅನ್ನುವ ಒಂದೇ ಪದ ಅಷ್ಟು ದಿನ ಹೇಗೆ ಚಲಾವಣೆಯಲ್ಲಿತ್ತು? ಮೊದಲ ಮನೆ ಬಿಟ್ಟವಳು ಎರಡನೆಯದನ್ನೂ ಬಿಟ್ಟಿರುತ್ತಾಳೆ ಬಿಡಿ ಅಂತ ನಂಬಲು ನಮ್ಮ ಸಮಾಜಕ್ಕೆ ಸಾಕ್ಷಿ ಬೇಕಾಗಲ್ಲ. ಕೊಲೆಗಾರನಿಗೆ ಇದಕ್ಕಿಂತ ಒಳ್ಳೆ ಅಡಗುತಾಣ ಇನ್ನೊಂದಿಲ್ಲ.

ಇಂಜಿನಿಯರಿಂಗ್ ಲ್ಯಾಬ್‌ನಲ್ಲಿ ಕಲಿತದ್ದು ನೆನಪಾಗುತ್ತೆ. ಸರ್ಕ್ಯೂಟ್ ಕೈಕೊಟ್ಟರೆ, ಕರೆಂಟ್ ಕೊನೆಗೆ ಎಲ್ಲಿವರೆಗೆ ಬಂದಿದೆಯೋ ಅಲ್ಲಿಂದ ಹುಡುಕು. ಕಾಣೆಯಾದ ಹೆಣ್ಣಿನ ವಿಷಯದಲ್ಲಿ ನಾವು ಮೊದಲು ಹುಡುಕುವುದು ಅವಳ ನಡತೆಯನ್ನು!

ಹಾಗಂತ ಹೆಂಡತಿ ಕಾಣೆಯಾದ ಪ್ರತಿ ಗಂಡನೂ ಕೊಲೆಗಾರನಲ್ಲ. ಸ್ಟುಡಿಯೋದಲ್ಲಿ ಕೂತು ತೀರ್ಪು ಕೊಡುವುದು ಇನ್ನೊಂದು ಅನ್ಯಾಯ. ಕೆಲವರು ನಿಜಕ್ಕೂ ಮನೆ ಬಿಟ್ಟು ಹೋಗುತ್ತಾರೆ, ಹೊಡೆತ ತಾಳಲಾರದೆ. ಮನೆಯೊಳಗಿನ ಹಿಂಸೆ ತಡೆಯುವ 2005ರ ಕಾಯ್ದೆ ಜಾರಿಯಾದದ್ದು 2006ರ ಅಕ್ಟೋಬರ್‌ನಲ್ಲಿ. ಅಂಥವಳು ಓಡಿದ್ದು ಯಾರ ಜೊತೆ ಅನ್ನುವುದಕ್ಕಿಂತ ಯಾರಿಂದ ಅಂತ ಕೇಳೋಣ.

ಈಗ ಅಂಥ ಸುದ್ದಿ ಬಂದರೆ ನಾನು ಕೇಳೋದು ಎರಡೇ: ಕೊನೆಯ ಸಲ ಕಂಡಿದ್ದು ಎಲ್ಲಿ? ಅಲ್ಲಿ ಯಾರಾದರೂ ಹೋಗಿ ನೋಡಿದ್ದಾರಾ?