ತಿರುವನಂತಪುರದ ಹದಿನೇಳು ಪಟ್ಟಿಗಳು

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಆರಂಭವಾದಾಗ ಕರ್ನಾಟಕದಲ್ಲಿ ತಿರುಮಕೂಡಲು ನರಸೀಪುರವೂ ಕೇರಳದಲ್ಲಿ ವೆಂಗರವೂ ಅದರ ಮೊದಲ ನೆಲೆಗಳಾದವು. ಅಂಗನವಾಡಿ ಕಾರ್ಯಕರ್ತೆಯ ಕೈಯಲ್ಲಿದ್ದ ತಕ್ಕಡಿ ಮತ್ತು ಬೆಳವಣಿಗೆ ನಕ್ಷೆಗಳು ಮಗುವಿನ ಮೈ ತುಂಬಿಕೊಳ್ಳುತ್ತಿರುವುದನ್ನು ತಿಳಿಸುತ್ತಿದ್ದವೇ ಹೊರತು, ಅದಕ್ಕೆ ಕತ್ತು ನಿಂತಿದೆಯೇ, ಸದ್ದಾದ ಕಡೆಗೆ ಅದು ತಿರುಗುತ್ತದೆಯೇ, ಮಾತು ಕಲಿಯುತ್ತಿದೆಯೇ ಎಂಬ ವಿಕಾಸದ ಸಂಗತಿಗಳನ್ನು ತಿಳಿಸುತ್ತಿರಲಿಲ್ಲ. ಅಮೆರಿಕದ ಬೇಯ್ಲಿ ಮಾಪಕವನ್ನು ಆಧರಿಸಿ ಬರೋಡಾದಲ್ಲಿ ಪ್ರಮಿಳಾ ಫಾಟಕ್ ಅವರು ಭಾರತೀಯ ಶಿಶುಗಳಿಗೆ ಮಾನಗಳನ್ನು ರೂಪಿಸಿದ್ದರೂ, ಆ ಪರೀಕ್ಷೆಗೆ ತರಬೇತಿ ಪಡೆದ ತಜ್ಞರೂ ಸಾಕಷ್ಟು ಸಮಯವೂ ಬೇಕಾಗಿದ್ದವು.

ಈ ಕೊರತೆಯನ್ನು ನೀಗಿಸಿದ್ದು ಡಾ. ಎಂ.ಕೆ.ಸಿ. ನಾಯರ್ ಅವರ ನೇತೃತ್ವದಲ್ಲಿ 1987ರಲ್ಲಿ ತಿರುವನಂತಪುರದಲ್ಲಿ ಆರಂಭವಾದ ಚೈಲ್ಡ್ ಡೆವಲಪ್‌ಮೆಂಟ್ ಸೆಂಟರ್. ಅಲ್ಲಿ ಸಿದ್ಧವಾಗಿ 1991ರಲ್ಲಿ ಪ್ರಕಟವಾದ ‘ತ್ರಿವೇಂಡ್ರಮ್ ವಿಕಾಸ ತಪಾಸಣಾ ನಕ್ಷೆ’ಯು ಬರೋಡಾ ಮಾನಗಳಿಂದ ಕೇವಲ 17 ಅಂಶಗಳನ್ನು ಆಯ್ದುಕೊಂಡಿತು: ಮುಖ ನೋಡಿ ನಗುವುದು, ವಸ್ತುವನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸುವುದು, ಒಂಟಿಯಾಗಿ ನಡೆಯುವುದು, ಎರಡು ಪದ ಆಡುವುದು, ಗೊಂಬೆಯ ಅಂಗಗಳನ್ನು ತೋರಿಸುವುದು ಇತ್ಯಾದಿ. ಪ್ರತಿಯೊಂದಕ್ಕೂ ಒಂದು ಅಡ್ಡಪಟ್ಟಿ ಇದ್ದು, ಅದರ ಎಡತುದಿ ನೂರರಲ್ಲಿ ಮೂರು ಮಕ್ಕಳು, ಬಲತುದಿ ತೊಂಬತ್ತೇಳು ಮಕ್ಕಳು ಆ ಕೌಶಲವನ್ನು ಪಡೆಯುವ ವಯಸ್ಸನ್ನು ಸೂಚಿಸುತ್ತದೆ. ಮಗುವಿನ ವಯಸ್ಸಿನ ಮೇಲೆ ಪೆನ್ಸಿಲನ್ನು ನೆಟ್ಟಗೆ ಇಟ್ಟರೆ, ಅದರ ಎಡಕ್ಕೆ ಪೂರ್ತಿ ಮುಗಿದ ಪಟ್ಟಿಗಳ ಕೌಶಲಗಳೆಲ್ಲ ಆ ಮಗುವಿಗೆ ಬಂದಿರಬೇಕು. ಒಂದು ಬಾರದಿದ್ದರೂ ಹೆಚ್ಚಿನ ಪರೀಕ್ಷೆಗೆ ಕಳುಹಿಸಬೇಕು. ಐದರಿಂದ ಏಳು ನಿಮಿಷದಲ್ಲಿ ಮುಗಿಯುವ ಈ ತಪಾಸಣೆಯ ಸಂವೇದನಾಶೀಲತೆ, ಎಂದರೆ ನಿಜವಾಗಿ ತೊಂದರೆಯಿರುವ ಮಕ್ಕಳನ್ನು ಗುರುತಿಸುವ ಶಕ್ತಿ, ಶೇ. 66.7 ಎಂದು ಕಂಡುಬಂದಿತು. ಮೂವರಲ್ಲಿ ಒಬ್ಬರು ಕಣ್ತಪ್ಪುವುದು ಸಣ್ಣ ದೋಷವಲ್ಲ. ಆದರೂ ಮಗುವನ್ನು ಏಕೆ ಕಳುಹಿಸಲಾಯಿತೆಂಬುದನ್ನು ತಾಯಿಗೆ ಬೆರಳಿಟ್ಟು ತೋರಿಸಬಹುದಾದ ಪಾರದರ್ಶಕತೆ ಆ ಹಾಳೆಗಿತ್ತು, ಮತ್ತು ಅದರ ನಿಜವಾದ ಹಿರಿಮೆ ಅದೇ.

2021ರ ಪೋಷಣ್ ಟ್ರ್ಯಾಕರ್‌ನೊಂದಿಗೆ ಅಂಗನವಾಡಿಯ ದಾಖಲೆಗಳು ಮೊಬೈಲಿಗೆ ಬಂದವು. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಎಳೆಯರಿಗೆ ಪರೀಕ್ಷೆಗಳನ್ನು ಒಪ್ಪದೆ, ಮಗುವನ್ನು ಗಮನಿಸುವುದನ್ನೂ ಅದು ಬರೆದದ್ದನ್ನು, ಮಾಡಿದ್ದನ್ನು ಪರಿಶೀಲಿಸುವುದನ್ನೂ ಮೌಲ್ಯಮಾಪನದ ದಾರಿಯೆಂದಿತು. ಅದೇ ವರ್ಷದ ಕೊನೆಗೆ, ಕೇಳಿದ್ದಕ್ಕೆ ಹೊಸ ಪಠ್ಯವನ್ನು ರಚಿಸಿಕೊಡುವ ಜನರೇಟಿವ್ ಎಐ ವ್ಯಾಪಕ ಸಾರ್ವಜನಿಕ ಬಳಕೆಗೆ ಬಂದಿತು. 2024ರ ಜುಲೈನಲ್ಲಿ ಕೇರಳ ಸರ್ಕಾರ ಮತ್ತು ಐಬಿಎಂ ಕೊಚ್ಚಿಯಲ್ಲಿ ಇದೇ ತಂತ್ರಜ್ಞಾನದ ಕುರಿತು ಅಂತರರಾಷ್ಟ್ರೀಯ ಸಮ್ಮೇಳನ ನಡೆಸಿದವು. ಶಿಕ್ಷಕಿಯ ಚದುರಿದ ಟಿಪ್ಪಣಿಗಳನ್ನು ಒಪ್ಪವಾದ ವರದಿಯಾಗಿಸಲು ಇಂಥ ಯಂತ್ರ ನೆರವಾಗಬಲ್ಲದು. ಆದರೆ ಪದದ ನಂತರ ಬರಬಹುದಾದ ಪದವನ್ನು ಸಂಭವನೀಯತೆಯಿಂದ ಆರಿಸುವ ಅದು, ಯಾರೂ ಗಮನಿಸದ ವರ್ತನೆಯನ್ನೂ ನಂಬುವಂತೆ ಬರೆದುಬಿಡಬಹುದು. ಬೆರಳಿಟ್ಟು ತೋರಿಸಲು ಅಲ್ಲಿ ಪಟ್ಟಿಯಿರುವುದಿಲ್ಲ.

ಕೇರಳದ ಉತ್ತರ ತುದಿಯ ಕಾಸರಗೋಡಿನಲ್ಲಿ ಹಾಳೆಗೂ ಯಂತ್ರಕ್ಕೂ ಇರುವ ಈ ವ್ಯತ್ಯಾಸ ಇನ್ನೂ ತೀವ್ರವಾಗುತ್ತದೆ. ಕನ್ನಡ, ತುಳು ಮನೆಮಾತಿನ ಮಗು ಎರಡು ಪದ ಆಡುತ್ತದೆಯೇ ಎಂಬುದನ್ನು ತಾಯಿಯನ್ನು ಕೇಳಿ ಹಾಳೆಯಲ್ಲಿ ಗುರುತಿಸಬಹುದು. ಅದೇ ಮಗುವಿನ ತೊದಲುನುಡಿಯನ್ನು ಯಂತ್ರಕ್ಕೆ ಕೇಳಿಸಿ ಪದಗಳನ್ನು ಎಣಿಸಬೇಕಾದರೆ, ಆ ಭಾಷೆಯ ಎಳೆಯರ ಧ್ವನಿಮುದ್ರಣಗಳು ಮೊದಲು ಸಂಗ್ರಹವಾಗಬೇಕು, ಮತ್ತು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೆ ಅದಕ್ಕೆ ಹೆತ್ತವರ ಒಪ್ಪಿಗೆಯೂ ದೊರೆಯಬೇಕು.